ಒಂದು ಗೇಣು ಅವ್ವನ ನೂಲು

ನಮ್ಮವ್ವನನ್ನು ಮಣ್ಣು ಮಾಡುವಾಗ ಸುತ್ತಬೇಕಾದ ಕಂಬಳಿಯನ್ನು ನಾನು ಇಪ್ಪತ್ತಾರು ವರ್ಷದ ಹಿಂದೆ ನೇಯಲು ಕೂತೆ. ಒಂದೂವರೆ ಮೊಳ ನೇಯ್ದು ಎದ್ದು ಹೋದೆ. ಹೋದವನು ಈ ವರ್ಷದ ಶ್ರಾವಣದಲ್ಲಿ ಮತ್ತೆ ಬಂದು ಕೂತೆ. ಇಷ್ಟೇ ಹೇಳಿ ನಿಲ್ಲಿಸಿದರೆ, ತಡವಾದರೂ ಮಾಡಿದನಲ್ಲ, ಒಳ್ಳೆಯ ಮಗ ಎಂದು ನಾಲ್ಕು ಜನ ಹೊಗಳಿಯಾರು. ಹೊಗಳುವ ಮುಂಚೆ ಪೂರ್ತಿ ಕೇಳುವುದು ಒಳ್ಳೆಯದು.

ಅವ್ವ ಇನ್ನೂ ಇದ್ದಾಳೆ. ಇದ್ದವಳ ಸಾವಿನ ಮಾತು ತೆಗೆದನಲ್ಲ ಎಂದು ಯಾರೂ ಮುಖ ಸಿಂಡರಿಸಬೇಕಿಲ್ಲ. ನಮ್ಮ ಮನೆತನದಲ್ಲಿ ಅದು ಉಪ್ಪು ಹುಳಿಯಷ್ಟೇ ಸಹಜವಾದ ಮಾತು. ಕುಪ್ಪೇಲೂರಿನಿಂದ ನಡೆದು ಹೋಗುವಷ್ಟು ದೂರದ ಒಂದು ಹಳ್ಳಿ ನಮ್ಮದು. ಕುರಿ, ಉಣ್ಣೆ, ಮಗ್ಗದ ಮನೆ. ಅಲ್ಲಿ ಹುಟ್ಟಿದ ಕೂಸನ್ನು ಕಂಬಳಿಯ ಮೇಲೆ ಮಲಗಿಸುತ್ತಾರೆ, ಮದುವೆಯಲ್ಲಿ ಕಂಬಳಿಯ ಮೇಲೆ ಕೂರಿಸುತ್ತಾರೆ, ಸತ್ತಾಗ ಕಂಬಳಿ ಸುತ್ತಿ ಮಣ್ಣಿಗಿಡುತ್ತಾರೆ. ಆ ಕೊನೆಯದನ್ನು ಅಂಗಡಿಯಿಂದ ತರುವುದಿಲ್ಲ. ಮನೆಯ ಕುರಿಯ ಉಣ್ಣೆ, ಮನೆಯ ಹೆಂಗಸಿನ ನೂಲು, ಮನೆಯ ಗಂಡಸಿನ ನೇಯ್ಗೆ ಆಗಿರಬೇಕು. ಅಪ್ಪ ತನ್ನದನ್ನು ತಾನೇ ನೇಯ್ದು ಟ್ರಂಕಿನಲ್ಲಿಟ್ಟು, ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಒಂದು ದಿನ ಅದರಲ್ಲೇ ಹೋದ. ಹೆಂಗಸರಿಗೆ ಆ ಅನುಕೂಲ ಇರಲಿಲ್ಲ. ನೂಲುವುದು ಹೆಂಗಸರ ಕೆಲಸ, ನೇಯುವುದು ಗಂಡಸರದು. ಹೆಂಗಸು ಮಗ್ಗದ ಕುಣಿಗೆ, ನೇಯುವವನು ಕಾಲು ಇಳಿಬಿಟ್ಟು ಕೂರುವ ತಗ್ಗಿಗೆ, ಇಳಿಯುವ ಹಾಗಿರಲಿಲ್ಲ. ಎಷ್ಟು ಚಂದ ನೂತರೂ ಅದು ಕಂಬಳಿಯಾಗಬೇಕಾದರೆ ಗಂಡನ ಮುಖವನ್ನೋ ಮಗನ ಮುಖವನ್ನೋ ನೋಡಬೇಕು. ಗಂಡ ಹೋಗಿದ್ದ. ಮಗ ನಾನೊಬ್ಬನೇ.

ಅಪ್ಪ ಹೋದ ಮೇಲೆ ಉಳಿದಿದ್ದ ಹನ್ನೊಂದು ಕುರಿಗಳನ್ನು ಮಾರಿಬಿಡೋಣ ಎಂದು ನಾನೇ ತೀರ್ಮಾನ ಮಾಡಿದೆ. ಅವ್ವ ಬೇಡ ಅನ್ನಲಿಲ್ಲ. ಮಾರುವ ಮುಂಚೆ ಕರಿ ಕುರಿಗಳ ಉಣ್ಣೆ ಕತ್ತರಿಸಿ ಕೊಡು ಅಂದಳು, ಅಷ್ಟೇ. ಆ ಉಣ್ಣೆಯನ್ನು ತೊಳೆದು, ಹಿಂಜಿ, ಎರಡು ವರ್ಷ ಕೂತು ನೂತಳು. ಅವಸರವೇ ಇರಲಿಲ್ಲ ಅವಳಿಗೆ. ಎಳೆ ತುಂಡಾದರೆ ಬೇರೆ ಹೆಂಗಸರು ಗಂಟು ಹಾಕಿ ಮುಂದೆ ಹೋಗುತ್ತಿದ್ದರು. ಅವ್ವ ಎರಡೂ ತುದಿಯ ಹುರಿ ಬಿಚ್ಚಿ, ಒಂದರ ಮೇಲೊಂದು ಇಟ್ಟು, ಬೆರಳಿಗೆ ಉಗುಳು ಮುಟ್ಟಿಸಿ ಹೊಸೆಯುತ್ತಿದ್ದಳು. ಎಲ್ಲಿ ಸೇರಿಸಿದ್ದಾಳೆ ಎಂಬುದು ಹಿಂದೆ ನೇಯುತ್ತಿದ್ದ ಅಪ್ಪನಿಗೂ ಸಿಗುತ್ತಿರಲಿಲ್ಲ. ಓಣಿಯ ಹೆಂಗಸರು ಚೇಷ್ಟೆಗೆಂದು ತಮ್ಮ ತಮ್ಮ ನೂಲಿನ ಉಂಡೆ ತಂದು ಅವಳ ಕೈಗೆ ಕೊಡುತ್ತಿದ್ದರು. ಅವಳು ಕಣ್ಣು ಮುಚ್ಚಿ ಎಳೆಯನ್ನು ಎರಡು ಬೆರಳ ನಡುವೆ ಎಳೆದು ನೋಡುತ್ತಿದ್ದಳು.

“ಇದು ಮೂಲಿಮನಿಯಾಕಿದು. ಬಲಗೈ ಲಗೂ ಐತಿ, ಎಡಗೈ ಇನ್ನೂ ನಿದ್ದಿಗಣ್ಣಾಗ ಐತಿ.”

ಅವಳು ಹೇಳಿದ್ದು ತಪ್ಪಾದದ್ದು ನನಗೆ ನೆನಪಿಲ್ಲ.

ಎರಡು ವರ್ಷದ ಮೇಲೆ ಒಂದು ಬುಟ್ಟಿ ತುಂಬ ಉಂಡೆಗಳನ್ನು ತಂದು ನನ್ನ ಮುಂದಿಟ್ಟಳು. “ಇದು ನಂದು. ನೇದು ಕೊಡು ತಮ್ಮಾ” ಅಂದಳು. ನನ್ನ ಕೈ ಅಪ್ಪನ ಕೈಯಲ್ಲ ಎಂದು ಅವಳಿಗೂ ಗೊತ್ತಿತ್ತು. ಅಪ್ಪನ ಚಿಕ್ಕಪ್ಪನ ಮಗ, ನನಗೆ ಕಾಕಾ ಆಗಬೇಕು, ಓಣಿಯ ಕೊನೆಯಲ್ಲಿ ಮಗ್ಗ ಇಟ್ಟುಕೊಂಡಿದ್ದ. ನಾನು ನೇದು ಕೊಡ್ತೇನಿ ವೈನಿ ಎಂದು ಅವನು ಅತ್ತಿಗೆಗೆ ತಾನಾಗೇ ಹೇಳಿದ್ದ. ಅವ್ವ ಒಪ್ಪಲಿಲ್ಲ. “ಮಗಾ ಇರೂಮಟಾ ನಾ ಯಾಕ ಇನ್ನೊಬ್ಬರ ಮಗ್ಗಕ್ಕ ಹೋಗ್ಲಿ?” ಅಂದುಬಿಟ್ಟಳು. ಆ ಮಾತು ಕೇಳಿ ಆಗ ನನಗೆ ಎದೆ ಉಬ್ಬಿತ್ತು.

ಉದ್ದಕ್ಕೆ ಎಳೆಯುವ ನೂಲಿಗೆ ಹಾಸು ಅನ್ನುತ್ತೇವೆ, ಅಡ್ಡ ಹಾಯಿಸುವುದಕ್ಕೆ ಹೊಕ್ಕು. ಓಣಿಯ ಉದ್ದಕ್ಕೂ ಹಾಸು ಎಳೆದು ಕಟ್ಟಿ, ಹುಣಸೆ ಬೀಜ ಹುರಿದು, ಅರೆದು, ಕುದಿಸಿ ಮಾಡಿದ ಗಂಜಿಯನ್ನು ಅದಕ್ಕೆ ಉಣಿಸಬೇಕು. ಆಗ ಎಳೆ ಗಟ್ಟಿಯಾಗಿ ಮಗ್ಗದ ಜಗ್ಗಾಟ ತಡೆಯುತ್ತದೆ. ಆದರೆ ಗಂಜಿ ಉಂಡ ಹಾಸನ್ನು ಮಗ್ಗದ ಮೇಲೆ ಬಹಳ ದಿನ ಬಿಡುವ ಹಾಗಿಲ್ಲ. ಹುಳಕ್ಕೆ, ಇಲಿಗೆ ಅದು ಹಬ್ಬದ ಅಡಿಗೆ. ಗಂಜಿ ಉಂಡ ಹಾಸು ಮಳೆಗಾಲ ನೋಡಬಾರದು ಎಂದು ಅಪ್ಪ ಹೇಳುತ್ತಿದ್ದ. ನಾನು ಹಾಸು ಎಳೆದೆ, ಗಂಜಿ ಉಣಿಸಿದೆ, ನಾಲ್ಕು ದಿನದಲ್ಲಿ ಒಂದೂವರೆ ಮೊಳ ನೇಯ್ದೆ. ಐದನೆಯ ದಿನ ಬ್ಯಾಡಗಿಯಿಂದ ಮಾತು ಬಂತು: ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತನ ಕೆಲಸ ಇದೆ, ಸುಗ್ಗಿ ಶುರುವಾಗಿದೆ, ಬರುವುದಾದರೆ ಇವತ್ತೇ ಬಾ.

ನಾನು ಲಾಳಿಯನ್ನು ಹಾಸಿನ ಮೇಲೆ ಹಾಗೇ ಬಿಟ್ಟು ಕುಣಿಯಿಂದ ಎದ್ದೆ. ಖರೇ ಹೇಳಬೇಕೆಂದರೆ ಸಂತೋಷದಿಂದಲೇ ಎದ್ದೆ. ಉಣ್ಣೆಯ ಕಮಟು ವಾಸನೆ ಬಿಟ್ಟು, ಬಿಳಿ ಅಂಗಿ ತೊಟ್ಟು, ಗಾದಿಯ ಮೇಲೆ ಕೂರುವ ಹುಚ್ಚು ನನಗೆ ಬಹಳ ದಿನದಿಂದ ಇತ್ತು. “ಈ ಸುಗ್ಗಿ ಮುಗಿಸಿ ಬರ್ತೇನಿ ಬೇ” ಎಂದೆ. ಅವ್ವ “ಹೋಗಿ ಬಾ, ಹೊಟ್ಟಿಪಾಡು ಮೊದಲು” ಅಂದಳು. ನಾಳೆ ಅಂದವನ ಮನೆ ಹಾಳು ಎಂದು ಗಾದೆ ಇದೆ. ನನ್ನ ಅನುಭವದಲ್ಲಿ ಅದು ಸುಳ್ಳು. ನಾಳೆ ಅಂದವನ ಮನೆ ಚೆನ್ನಾಗೇ ನಡೆಯಿತು. ಬ್ಯಾಡಗಿಯಲ್ಲಿ ಮನೆ ಮಾಡಿದೆ, ಹೆಂಡತಿಯನ್ನೂ ಅವ್ವನನ್ನೂ ಕರೆತಂದೆ, ಮಗಳನ್ನು ಓದಿಸಿ ಮದುವೆ ಮಾಡಿಕೊಟ್ಟೆ. ಹಾಳಾದದ್ದು ನಾಳೆ ಅನ್ನಿಸಿಕೊಂಡವಳ ಗಂಟು.

ಊರಿನ ಮನೆ ದಾಯಾದಿಗಳ ಪಾಲಿಗೆ ಹೋಯಿತು. ಮಗ್ಗದ ಕುಣಿಗೆ ಮಣ್ಣು ತುಂಬಿ ಫರಸಿ ಕಲ್ಲು ಹಾಕುತ್ತೇವೆ, ನಿನ್ನ ಸಾಮಾನು ಒಯ್ಯಿ ಎಂದು ಅವರು ಹೇಳಿ ಕಳಿಸಿದಾಗ, ನಾನು ಒಂದು ಸಂಜೆ ಹೋಗಿ ನೇಯ್ದ ಒಂದೂವರೆ ಮೊಳವನ್ನು ಹಾಸಿನ ಸಮೇತ ಬಿಚ್ಚಿ ಸುರುಳಿ ಸುತ್ತಿದೆ. ಅದನ್ನೂ ಉಳಿದ ಉಂಡೆಗಳನ್ನೂ ಗೋಣಿಚೀಲಕ್ಕೆ ತುಂಬಿದೆ. ತುಂಬುವಾಗ ಹುಳ ಹಿಡಿಯಬಾರದು ಎಂದು ಒಂದು ಜಾಣತನ ಮಾಡಿದೆ. ಕಾಳಿನ ಡಬ್ಬಿಗೆ ಹೆಂಗಸರು ನಾಲ್ಕು ಒಣ ಮೆಣಸಿನಕಾಯಿ ಹಾಕಿಡುತ್ತಾರಲ್ಲ, ಹಾಗೆ ಅಂಗಡಿಯಿಂದ ಎರಡು ಬೊಗಸೆ ಕಾಯಿ ತಂದು ಉಂಡೆಗಳ ನಡುನಡುವೆ ಹರವಿದೆ. ಆರಿಸಿ ತಂದ ಒಳ್ಳೇ ಮಾಲು. ಬಾಯಿ ಕಟ್ಟಿ ಬ್ಯಾಡಗಿಯ ಮನೆಯ ಅಟ್ಟಕ್ಕೆ ಏರಿಸಿದೆ.

ಆಮೇಲೆ ಪ್ರತಿ ವರ್ಷ ದಸರೆಯ ಮುಂಚೆ ಮನೆ ತೊಳೆಯುವ ದಿನ ಅವ್ವ ಒಂದೇ ಪ್ರಶ್ನೆ ಕೇಳುತ್ತಿದ್ದಳು. “ತಮ್ಮಾ, ಅದನ್ನ ಬಿಸಲಿಗೆ ಹಾಕಿಯೇನು?” ನಾನು “ಹಾಕೇನಿ ಬೇ” ಅನ್ನುತ್ತಿದ್ದೆ. ಮೊದಲ ವರ್ಷ ಹಾಗೆ ಹೇಳುವಾಗ ನಾಲಿಗೆ ತಡವರಿಸಿತ್ತು. ಮುಂದೆ ರೂಢಿಯಾಯಿತು. ಅವಳು ಎಂದೂ ಅಟ್ಟ ಹತ್ತಿ ನೋಡಲಿಲ್ಲ, ನೇಯುವುದು ಯಾವಾಗ ಎಂದು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿಯಾದರೂ ಮುಗಿಸುತ್ತಿದ್ದೆನೇನೋ ಎಂದು ಈಗ ಅವಳ ಮೇಲೇ ತಪ್ಪು ಹೊರಿಸಲು ನೋಡುತ್ತೇನೆ. ನನ್ನ ಜಾಯಮಾನವೇ ಅಂಥದ್ದು.

ಈ ವರ್ಷ ಅವಳಿಗೆ ಎಂಬತ್ತನಾಲ್ಕು. ಕಣ್ಣು ಬಹಳ ದಿನದಿಂದ ಮಂಜು. ಹಾವೇರಿಗೆ ಕರೆದುಕೊಂಡು ಹೋಗಿ ತೋರಿಸಿದ್ದೆವು. ಇನ್ನು ಮಾಡುವಂಥದ್ದೇನೂ ಉಳಿದಿಲ್ಲ, ಬೆಳಕು ಕತ್ತಲೆ ತಿಳಿದರೆ ಅದೇ ಪುಣ್ಯ ಎಂದು ಅಲ್ಲಿನ ಡಾಕ್ಟರು ಅಂದಿದ್ದರು. ಆಷಾಢದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದವಳು ಮತ್ತೆ ಎದ್ದು ಓಡಾಡಲಿಲ್ಲ. ಹಾಸಿಗೆ ಹಿಡಿದ ವಾರಕ್ಕೆ ನನ್ನನ್ನು ಕರೆದಳು.

“ತಮ್ಮಾ, ನಂದು ಇನ್ನ ಬಾಳ ದಿನ ಇಲ್ಲ. ಅದನ್ನ ಮುಗಿಸಿಬಿಡು. ಒಮ್ಮಿ ಕೈಯಾಡಿಸಿ ನೋಡ್ತೇನಿ, ಆಮ್ಯಾಲೆ ಹ್ಯಾಂಗರ ಆಗ್ಲಿ.”

ಅಷ್ಟು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಆತು ಬೇ ಎಂದು ಹೊರಗೆ ಬಂದೆ.

ಮರುದಿನ ಚೀಲ ಇಳಿಸಿ ಹಿತ್ತಲಿಗೆ ತಂದೆ. ಇಳಿಸುವಾಗಲೇ ತಿಳಿಯಿತು, ಚೀಲ ಹಗುರ ಇತ್ತು. ಬಾಯಿ ಬಿಚ್ಚಿ ಬೋರಲು ಹಾಕಿದರೆ ಮೊದಲು ಬಿದ್ದದ್ದು ಕೆಂಪು ಪುಡಿ, ಆಮೇಲೆ ಕಂದು ಬಣ್ಣದ ಸಣ್ಣ ಹುಳ, ಆಮೇಲೆ ಉಣ್ಣೆಯ ಧೂಳು. ಮೆಣಸಿನಕಾಯಿಗಳ ಒಳಗೆ ಏನೂ ಇರಲಿಲ್ಲ, ಬರೀ ಸಿಪ್ಪೆ. ನೇಯ್ದ ಒಂದೂವರೆ ಮೊಳವನ್ನು ಎರಡೂ ಕೈಯಲ್ಲಿ ಎತ್ತಿದೆ. ನಡುವಿನ ಭಾಗ ಕೈಗೆ ಬರದೆ ಉದುರಿತು. ಹಾಸಿನ ಸುರುಳಿಯಲ್ಲಿ ಒಂದು ಮೊಳ ಉದ್ದದ ಎಳೆ ಕೂಡ ಇಡಿಯಾಗಿ ಉಳಿದಿರಲಿಲ್ಲ. ಗಂಜಿ ಇದ್ದಲ್ಲೆಲ್ಲ ತಿಂದಿದ್ದವು.

ನಾನು ಬ್ಯಾಡಗಿಯ ಗುಮಾಸ್ತ. ನಮ್ಮ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಎಂದು ದಿನಕ್ಕೆ ಹತ್ತು ಸಲ ಗಿರಾಕಿಗೆ ಹೇಳುವವನು ನಾನೇ. ಸುಮ್ಮನೆ ಇಟ್ಟರೆ ಹುಳ ಬೀಳುತ್ತದೆ ಎಂದು ಕೋಲ್ಡ್ ಸ್ಟೋರೇಜಿಗೆ ಚೀಲ ಕಳಿಸುವವನೂ ನಾನೇ. ಇದೇ ಕಾಯಿಯನ್ನು ಹುಳ ಬರಬಾರದೆಂದು ಅವ್ವನ ಗಂಟಿನಲ್ಲಿ ಹಾಕಿದ್ದೆ. ಹುಳಗಳನ್ನು ಊಟಕ್ಕೆ ಕರೆದು, ಉಪ್ಪಿನಕಾಯಿಯನ್ನೂ ಬಡಿಸಿದ ಹಾಗಾಯಿತು. ಬೇರೆ ಊರಿನವನಾಗಿದ್ದರೆ ಬೇವಿನ ಎಲೆ ಹಾಕುತ್ತಿದ್ದ. ಅವ್ವನ ನೂಲು ಉಳಿಯುತ್ತಿತ್ತು.

ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಎಲ್ಲ ನೋಡಿದಳು. ಅವಳು ಬಯ್ಯಲಿಲ್ಲ. “ಅತ್ತಿಯವರಿಗೆ ಇವತ್ತ ಹೇಳಿಬಿಡ್ರಿ. ನಾಳೆ ಅಂದ್ರ ನಿಮ್ಮ ಕಡಿಯಿಂದ ಆಗೂದಿಲ್ಲ” ಎಂದಳು. ನಾನು ಸಿಟ್ಟಿಗೆದ್ದು, ನಿನಗೇನು ತಿಳಿಯುತ್ತದೆ, ಸುಮ್ಮನಿರು ಎಂದೆ. ಅವಳಿಗೆ ತಿಳಿದಿತ್ತು, ಅದಕ್ಕೇ ಸಿಟ್ಟು ಬಂದದ್ದು.

ಉಂಡೆಗಳನ್ನು ಒಂದೊಂದಾಗಿ ಬಿಚ್ಚುತ್ತ ಕೂತೆ. ಮೇಲಿನ ಸುತ್ತುಗಳೆಲ್ಲ ಪುಡಿ. ಕೆಲವು ಉಂಡೆಗಳ ಹೊಟ್ಟೆಯೊಳಗೆ, ಹುಳ ಮುಟ್ಟದ ನಿಂಬೆಹಣ್ಣಿನಷ್ಟು ನೂಲು ಉಳಿದಿತ್ತು. ಎಳೆದರೆ ಒಂದು ಮಾರು ಬರುತ್ತಿತ್ತು, ತುಂಡಾಗುತ್ತಿತ್ತು. ಮತ್ತೆ ಅರ್ಧ ಮಾರು. ಮೂರು ದಿನ ಬಿಚ್ಚಿದ ಮೇಲೆ ಉಳಿದದ್ದೆಲ್ಲ ಸೇರಿ ಎರಡು ಮುಷ್ಟಿಯಾಯಿತು. ಅದನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಊರಿಗೆ ಹೊರಟೆ.

ಮೆಣಸಿನಕಾಯಿ ಹಂಗಾಮು ಅಲ್ಲವಾದ್ದರಿಂದ ಅಂಗಡಿಯಲ್ಲಿ ರಜೆ ಸಿಕ್ಕಿತು. ಬಸ್ಸು ಕದರಮಂಡಲಗಿಯಲ್ಲಿ ನಿಂತಾಗ ಎಲ್ಲರೂ ಹನುಮಪ್ಪನಿಗೆ ಕೈ ಮುಗಿದರು. ನಾನೂ ಮುಗಿದೆ, ಏನು ಬೇಡಬೇಕು ಎಂದು ಮಾತ್ರ ತೋಚಲಿಲ್ಲ. ರಾಣೇಬೆನ್ನೂರಿನಲ್ಲಿ ಬಸ್ಸು ಬದಲಿಸಿ ಊರು ಮುಟ್ಟಿದೆ. ನಮ್ಮ ಓಣಿಯಲ್ಲಿ ಹಿಂದೆ ಎಂಟು ಮಗ್ಗ ಇದ್ದವು. ಗಂಡುಹುಡುಗರು ಒಬ್ಬೊಬ್ಬರಾಗಿ ಕುಮಾರಪಟ್ಟಣದ ಕಾರ್ಖಾನೆಯ ಪಾಳಿಗೋ ಹೊಲದ ಕೆಲಸಕ್ಕೋ ಹೋದರು. ಈಗ ಉಳಿದದ್ದು ಕಾಕಾನದೊಂದೇ, ಅದರ ಕುಣಿಯಲ್ಲಿ ಉಳ್ಳಾಗಡ್ಡಿ ಸುರಿದಿದ್ದರು.

ಕಾಕಾ ಕಟ್ಟೆಯ ಮೇಲೆ ಎಲೆಯಡಿಕೆ ಜಗಿಯುತ್ತ ಕೂತಿದ್ದ. ಎಪ್ಪತ್ತೆಂಟರ ಮುದುಕ, ನಾಲಿಗೆಗೆ ಇನ್ನೂ ಹರೆಯ. “ಏನ್ ಗುಮಾಸ್ತರು, ಹಾದಿ ತಪ್ಪಿ ಬಂದ್ರೇನು?” ಅಂದ. ನಾನು ಚೀಲ ಬಿಚ್ಚಿ ತೋರಿಸಿ ನಡೆದದ್ದನ್ನೆಲ್ಲ ಹೇಳಿದೆ. ಮೆಣಸಿನಕಾಯಿಯ ಭಾಗ ಬಂದಾಗ ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ನೂಲನ್ನು ಅಂಗೈಯಲ್ಲಿ ಹಿಡಿದು ತೂಗಿದ.

“ಗಂಜಿ ಉಣಿಸಿ ಬಿಟ್ಟು ಹೋದೆಲ್ಲೋ. ಇದರಾಗ ಒಂದು ಗೇಣು ಬರಬೌದು. ಬಾಳಂದ್ರ ಒಂದೂಕಾಲು.”

“ಆರು ಮೊಳ ಬೇಕಲ್ಲ ಕಾಕಾ.”

“ಉಳಿದಿದ್ದಕ್ಕ ರಾಣೇಬೆನ್ನೂರಾಗ ಮಿಲ್ಲಿನ ನೂಲು ಸಿಗತೈತಿ. ಹಾಸಿಗೂ ಅದನ್ನ ತಾ. ಹಾಸು ಒಳಗ ಮುಚ್ಚಿ ಹೋಗತೈತಿ, ಕೈಗೆ ಹತ್ತೂದು ಹೊಕ್ಕು. ಮೊದಲನೇ ಗೇಣಿಗೆ ವೈನಿ ನೂಲು ಹಾಕು. ಕಣ್ಣಂತೂ ಕಾಣೂದಿಲ್ಲ. ಯಾವ ತುದಿ ಕೈಗೆ ಕೊಡೂದು ಅನ್ನೂದು ನಿನ್ನ ಕೈಯಾಗ ಐತಿ.”

ಇದು ಮೋಸ ಎಂದು ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನನಗಂತೂ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಆ ಹಗುರವನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಉಳ್ಳಾಗಡ್ಡಿ ಬಾಚಿ ಕುಣಿ ಖಾಲಿ ಮಾಡಿದೆವು. ಕಾಕಾನ ಕೈ ನಡುಗುತ್ತದೆ, ಅವನು ಬಾಯಿಂದಲೇ ನೇಯಬೇಕು. ಹಾಸು ಎಳೆಯಲು ಎರಡು ದಿನ, ಗಂಜಿಗೆ ಒಂದು ದಿನ. ಆಮೇಲೆ ನಾನು ಕುಣಿಗೆ ಇಳಿದೆ. ಐವತ್ತಾರು ವರ್ಷದವನ, ಗಾದಿಯ ಮೇಲೆ ಬೆಳೆದ ಹೊಟ್ಟೆ ಮಗ್ಗದ ಪಟ್ಟಿಗೆ ಒತ್ತಿತು. ಕಾಲು ಮೆಟ್ಟಬೇಕಾದಾಗ ಕೈ ಎಸೆಯಿತು, ಕೈ ಎಸೆಯಬೇಕಾದಾಗ ಕಾಲು ಮರೆಯಿತು. ಮಗ್ಗ ಸರಿಯಿಲ್ಲ ಕಾಕಾ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವನು ಎಲೆಯಡಿಕೆ ಉಗಿದು ಬಂದ.

ಮೊದಲ ಗೇಣಿಗೇ ಎಂಟು ದಿನ ಹಿಡಿಯಿತು. ಅವ್ವನ ನೂಲು ಎಲ್ಲ ತುಂಡು. ನಾನು ಮೊದಲು ಗಂಟು ಹಾಕಿದೆ. ಕಾಕಾ ಬಂದು ಬೆರಳಾಡಿಸಿ, “ಗಂಟು ಬಿಚ್ಚು. ವೈನಿ ಗಂಟು ಹಾಕಿದ್ದು ಯಾವಾಗರ ನೋಡೀಯೇನು?” ಅಂದ. ಆಮೇಲೆ ಪ್ರತಿ ತುಂಡಿನ ತುದಿ ಬಿಚ್ಚಿ, ಒಂದರ ಮೇಲೊಂದು ಇಟ್ಟು, ಉಗುಳು ಮುಟ್ಟಿಸಿ ಹೊಸೆದೆ. ಹೊಸೆದದ್ದು ಲಾಳಿಯ ಜಗ್ಗಿಗೆ ಬಿಚ್ಚುತ್ತಿತ್ತು, ಮತ್ತೆ ಹೊಸೆಯುತ್ತಿದ್ದೆ. ಬಾಯೆಲ್ಲ ಉಣ್ಣೆಯ ಕಮಟು. ಇಪ್ಪತ್ತಾರು ವರ್ಷದ ಹಿಂದೆ ಯಾವುದರಿಂದ ಪಾರಾದೆ ಎಂದು ಖುಷಿಪಟ್ಟಿದ್ದೆನೋ ಅದನ್ನೇ ನೆಕ್ಕುತ್ತ ಕೂತಿದ್ದೆ. ಅವಳು ಎಷ್ಟು ತಾಳ್ಮೆಯಿಂದ ನೂತಿದ್ದಳು ಎಂಬುದು ನನಗೆ ತಿಳಿದದ್ದು ಆ ಎಂಟು ದಿನದಲ್ಲಿ. ಆ ಎಳೆಯಲ್ಲಿ ಎಲ್ಲೂ ಅವಸರ ಇರಲಿಲ್ಲ. ಮಗ ನೇಯುತ್ತಾನೆ ಎಂಬ ನಂಬಿಕೆ ಇತ್ತು, ಹಾಗಾಗಿ ಅವಸರ ಬೇಕಿರಲಿಲ್ಲ. ಕುಣಿಯಲ್ಲಿ ಕೂತು ನಾನು ಅತ್ತೆ. ಕಾಕಾ ನೋಡಿಯೂ ನೋಡದವನಂತೆ ಹೊರಗೆ ಹೋದ.

ಮಿಲ್ಲಿನ ನೂಲು ಹತ್ತಿದ ಮೇಲೆ ಕೆಲಸ ಓಡಿತು. ಉಳಿದದ್ದೆಲ್ಲ ಒಂಬತ್ತು ದಿನದಲ್ಲಿ ಮುಗಿಯಿತು. ನೋಡುವ ಕಣ್ಣಿಗೆ ಎರಡೂ ಕಪ್ಪೇ. ಮಡಿಸಿಟ್ಟರೆ ಕಂಬಳಿ ಚಂದವೇ ಕಾಣುತ್ತಿತ್ತು.

ಬ್ಯಾಡಗಿಗೆ ತಂದ ದಿನ ಅವ್ವನನ್ನು ದಿಂಬಿಗೆ ಒರಗಿಸಿ ಕೂರಿಸಿದೆವು. ಹೆಂಡತಿ ಬಾಗಿಲಲ್ಲಿ ನಿಂತಳು. ನಾನು ಗುರುತು ಮಾಡಿಟ್ಟುಕೊಂಡಿದ್ದ ತುದಿಯನ್ನು ಅವ್ವನ ಕೈಗೆ ಕೊಟ್ಟೆ. ಅವಳು ಎರಡೂ ಅಂಗೈ ಅದರ ಮೇಲಿಟ್ಟಳು. ಆಮೇಲೆ ಹೆಬ್ಬೆರಳು ತೋರುಬೆರಳ ನಡುವೆ ಅಂಚನ್ನು ಹಿಡಿದು ನಿಧಾನ ಸರಿಸಿದಳು.

“ನಂದ” ಅಂದಳು. “ಆ ಮೊಂಡಗಿವಿ ಕುರಿದು. ಥಂಡಿ ದಿನದಾಗ ನೂತಿದ್ದು, ನೋಡು, ಹುರಿ ಎಷ್ಟ್ ಬಿಗಿ ಐತಿ.”

ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು. ಗೆದ್ದೆ ಅಂದುಕೊಂಡೆ. ಇನ್ನು ಮಡಿಸಿ ತೆಗೆದಿಟ್ಟರಾಯಿತು ಎಂದು ಕೈ ಚಾಚಿದೆ. ಆದರೆ ಜೀವಮಾನವೆಲ್ಲ ಕಂಬಳಿ ನೋಡಿದವಳು ಒಂದು ತುದಿ ಮುಟ್ಟಿ ಬಿಡುತ್ತಾಳೆಯೇ. ಸಂತೆಯಲ್ಲಿ ನೋಡುವ ಹಾಗೆ, ತುದಿಯಿಂದ ತುದಿಗೆ, ಮಡಿಲಿನ ಮೇಲೆ ಎಳೆದುಕೊಳ್ಳುತ್ತ ಬೆರಳಾಡಿಸುತ್ತ ಹೊರಟಳು. ಇದು ನನಗೂ ಕಾಕಾನಿಗೂ ಹೊಳೆಯಬೇಕಿತ್ತು. ಮೋಸದ ಗಡಿಬಿಡಿಯಲ್ಲಿ ಹೊಳೆದಿರಲಿಲ್ಲ.

“ಸಾಕ ಬೇ, ದಣಿತಿ” ಎಂದೆ.

“ತಡಿಯಪಾ.”

ಗೇಣು ಮುಗಿಯಿತು. ಅವಳ ಬೆರಳು ನಿಂತಿತು. ಸ್ವಲ್ಪ ಹಿಂದಕ್ಕೆ ಹೋಯಿತು, ಮತ್ತೆ ಮುಂದೆ ಬಂತು, ಮತ್ತೆ ಅಲ್ಲೇ ನಿಂತಿತು. ಇನ್ನೂ ಒಂದು ಮೊಳ ಎಳೆದುಕೊಂಡು ಮುಟ್ಟಿದಳು. ಉಗುರಿನಿಂದ ಒಂದು ಎಳೆ ಎತ್ತಿ ನೋಡಿದಳು.

“ಇಲ್ಲಿಂದ ಯಾರು ನೂತಾರ?” ಎಂದು ಕೇಳಿದಳು. ಸಿಟ್ಟಿಲ್ಲ, ಸಂಶಯವೂ ಇಲ್ಲ. ಓಣಿಯ ಹೆಂಗಸರ ಉಂಡೆ ಹಿಡಿದು ಹೇಳುತ್ತಿದ್ದಳಲ್ಲ, ಅದೇ ದನಿ.

ಬಾಗಿಲಲ್ಲಿದ್ದ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ, ಕಷ್ಟವೂ ಇರಲಿಲ್ಲ. ಹುಳ ತಿಂದವು ಬೇ ಎಂದರೆ ಮುಗಿಯುತ್ತಿತ್ತು. ಅವಳು ಅಳುತ್ತಿದ್ದಳು, ಬಯ್ಯುತ್ತಿದ್ದಳು, ಆ ಒಂದು ಗೇಣನ್ನಾದರೂ ತನ್ನದೆಂದು ಹಿಡಿದುಕೊಳ್ಳುತ್ತಿದ್ದಳು. ನನ್ನ ಬಾಯಿಂದ ಬಂದದ್ದು ಬೇರೆ.

“ನೀನ ನೂತಿದ್ದು ಬೇ. ಎಲ್ಲಾ ನಿಂದ.”

ತಲೆಯ ಮೇಲೆ ಹೊಡೆದಂಥ ಸುಳ್ಳು. ವರ್ಷ ವರ್ಷ ಬಿಸಿಲಿಗೆ ಹಾಕೇನಿ ಎಂದು ಪಳಗಿದ ನಾಲಿಗೆ, ಈ ಸಲ ತಡವರಿಸಲೂ ಇಲ್ಲ.

ಅವ್ವ ಮತ್ತೊಮ್ಮೆ ಬೆರಳಾಡಿಸಿದಳು. ಆಮೇಲೆ ಕಂಬಳಿ ಬಿಟ್ಟು ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿಕೊಂಡಳು.

“ಹೌದೇನು” ಅಂದಳು. “ಹಂಗಾರ ನನ್ನ ಕೈ ಹೋತು ಬಿಡು.”

ಅವಳು ನಾನು ಸುಳ್ಳು ಹೇಳಿದೆ ಎಂದು ಎಣಿಸಲೇ ಇಲ್ಲ. ಮಗ ಹೇಳಿದ್ದು ಒಂದು, ಬೆರಳು ಹೇಳಿದ್ದು ಇನ್ನೊಂದು. ಅವಳು ಮಗನನ್ನು ನಂಬಿದಳು. ಕಣ್ಣು ಹೋದ ಮೇಲೂ ಅವಳಿಗೆ ಬೆರಳು ಇದ್ದವು. ನಾನು ಅವನ್ನೂ ಕಸಿದುಕೊಂಡೆ.

ಇದಾಗಿ ಎರಡು ತಿಂಗಳಾಯಿತು. ಕಂಬಳಿ ಮಡಿಸಿ ಟ್ರಂಕಿನಲ್ಲಿದೆ. ಅವಳು ಅದನ್ನು ಮತ್ತೆ ಕೇಳಿಲ್ಲ. ಮೊದಲು ತಾಟಿನಲ್ಲಿ ಏನಿದೆ ಎಂದು ತಾನೇ ಮುಟ್ಟಿ ನೋಡಿ, ರೊಟ್ಟಿ ಮುರಿದುಕೊಂಡು ಉಣ್ಣುತ್ತಿದ್ದಳು. ಈಗ ತಾಟು ಮುಂದಿಟ್ಟರೆ ಕೈ ಮಡಿಲಲ್ಲೇ ಇಟ್ಟುಕೊಂಡು ಕೂರುತ್ತಾಳೆ. “ನೀನ ತಿನಸವಾ, ನನಗೇನೂ ತಿಳಿಯೂದಿಲ್ಲ” ಎಂದು ಸೊಸೆಗೆ ಹೇಳುತ್ತಾಳೆ. ಸೆರಗು ಸರಿ ಇದೆಯೋ ಇಲ್ಲವೋ, ಹಾಸಿಗೆ ಒದ್ದೆಯೋ ಒಣಗಿದೆಯೋ, ಎಲ್ಲಕ್ಕೂ ಸೊಸೆಯನ್ನೇ ಕೇಳಬೇಕು. ಹೆಂಡತಿ ದಿನಾ ನನಗೆ ಒಂದೇ ಮಾತು ಹೇಳುತ್ತಾಳೆ, ಈಗಲಾದರೂ ಹೇಳಿಬಿಡಿ ಎಂದು. ನೀನೇ ಹೇಳು ಎಂದೆ ಒಮ್ಮೆ. “ನಾ ಯಾಕ ಹೇಳ್ಲಿ? ಆಕಿ ನಂಬಿದ್ದು ನಿಮ್ಮನ್ನ” ಅಂದಳು.

ಮೊನ್ನೆ ಬುಧವಾರ ಮಧ್ಯಾಹ್ನ ಧೈರ್ಯ ಮಾಡಿ ಒಳಗೆ ಹೋದೆ. ಹೇಳುವುದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಅಟ್ಟ, ಚೀಲ, ಮೆಣಸಿನಕಾಯಿ, ಹುಳ, ಎಲ್ಲ. ಹೆಂಡತಿ ಅವಳ ಬಟ್ಟೆ ಮಡಿಸುತ್ತ ಅಲ್ಲೇ ಇದ್ದಳು. ನಾನು ಮಂಚದ ಅಂಚಿಗೆ ಕೂತು ಅವ್ವನ ಕೈ ಹಿಡಿದೆ. ಅಟ್ಟದಿಂದ ಶುರು ಮಾಡಲೋ ಹುಳದಿಂದಲೋ ಎಂದು ಲೆಕ್ಕ ಹಾಕುತ್ತ ಹಾಗೇ ಕೂತೆ. ಅವಳು ತನ್ನ ಕೈಯಲ್ಲಿದ್ದ ನನ್ನ ಕೈಯನ್ನು ಮೇಲೆ ಕೆಳಗೆ ಮುಟ್ಟಿದಳು, ಹೆಬ್ಬೆರಳಿನ ಬುಡ ಸವರಿದಳು, ಗೆಣ್ಣು ಒತ್ತಿದಳು. ಆಮೇಲೆ ಮುಖವನ್ನು ಸೊಸೆಯಿದ್ದ ಕಡೆಗೆ ತಿರುಗಿಸಿದಳು.

“ಯವ್ವಾ, ಇದು ನನ್ನ ಮಗನ ಕೈ ಏನು, ನೋಡಿ ಹೇಳು.”

“ಹೌದ್ರಿ ಅತ್ತಿ, ಅವರದ” ಅಂದಳು ನನ್ನ ಹೆಂಡತಿ.

ನಾನು ಕೈ ಬಿಡಿಸಿಕೊಂಡು ಎದ್ದು ಬಂದೆ.